ಡೋಣಿಯ ದಂಡೆಯೋ, ಮಡ್ಡಿಯ ನೆತ್ತಿಯೋ?

ವಿಜಯಪುರದಿಂದ ತಿಕೋಟಾ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಪಡಗಳು ಸಾಲು ಹಿಡಿಯುತ್ತವೆ. ಕಬ್ಬಿಣದ ಆ್ಯಂಗಲ್, ಅದಕ್ಕೆ ಬಿಗಿದ ತಂತಿ, ತಂತಿಯ ಮೇಲೆ ಹಬ್ಬಿದ ಬಳ್ಳಿ, ಅಲ್ಲಲ್ಲಿ ಒಣದ್ರಾಕ್ಷಿಯ ಶೆಡ್ಡು. ಈ ಹಸಿರಿನ ನಡುವೆ ಎಲ್ಲೋ ಒಂದು ಕಡೆ ಆ್ಯಂಗಲ್ ಇರುತ್ತದೆ, ತಂತಿ ಇರುತ್ತದೆ, ಬಳ್ಳಿ ಇರುವುದಿಲ್ಲ. ಒಣಗಿದ ಬೊಡ್ಡೆಗಳು ಹಾಜರಿ ಹೇಳುವವರಂತೆ ಸಾಲಾಗಿ ನಿಂತಿರುತ್ತವೆ. ಏನಾಯಿತೆಂದು ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವುದು ಎರಡೇ ಉತ್ತರ. “ಬೋರಿನ ನೀರ ಸವಳ ಬಂತ್ರಿ” ಎನ್ನುತ್ತಾರೆ, ಇಲ್ಲವೇ “ಭೂಮಿ ಜವಳ ಹಿಡೀತ್ರಿ” ಎನ್ನುತ್ತಾರೆ. ಸವಳು ಎಂದರೆ ಉಪ್ಪು, ಜವಳು ಎಂದರೆ ನೀರು ನಿಂತು ಬೇರಿಗೆ ಉಸಿರು ಕಟ್ಟುವುದು.

ತೊಗರಿ ಬಿತ್ತಿ ಕೆಟ್ಟರೆ ಮುಂದಿನ ವರ್ಷ ಬೇರೆ ಬೆಳೆ ಹಾಕಬಹುದು. ದ್ರಾಕ್ಷಿಯ ಮಾತು ಹಾಗಲ್ಲ. ಬೇರುಸಸಿ ನೆಟ್ಟು, ಕಸಿ ಕಟ್ಟಿ, ಹಂದರ ಎಬ್ಬಿಸಿ ಒಳ್ಳೆಯ ಫಸಲು ಕಾಣುವಷ್ಟರಲ್ಲಿ ಎರಡು ಮೂರು ವರ್ಷ ಕಳೆದಿರುತ್ತದೆ. ಆಮೇಲೆ ಹನ್ನೆರಡು ಹದಿನೈದು ವರ್ಷ ಅದೇ ಬಳ್ಳಿ, ಅದೇ ಮಣ್ಣು, ಅದೇ ನೀರು. ತಳಿ ತಪ್ಪಿದರೆ ತಲೆ ಕಡಿದು ಇನ್ನೊಂದನ್ನು ಕಸಿ ಕಟ್ಟಬಹುದು. ಗೊಬ್ಬರ ತಪ್ಪಿದರೆ ಮುಂದಿನ ಹಂಗಾಮಿಗೆ ತಿದ್ದಿಕೊಳ್ಳಬಹುದು. ಜಾಗ ತಪ್ಪಿದರೆ ಮಾತ್ರ ಹದಿನೈದು ವರ್ಷ ಆ ತಪ್ಪಿನ ಜೊತೆಗೇ ಸಂಸಾರ ಮಾಡಬೇಕು. ‘ಎಲ್ಲಿ ನೆಡಬೇಕು?’ ಎಂಬ ಪ್ರಶ್ನೆಗೆ ನಕ್ಷೆಗಳು ಹೇಗೆ ಉತ್ತರ ಹುಡುಕುತ್ತವೆ, ಎಲ್ಲಿ ಸೋಲುತ್ತವೆ ಎಂಬುದು ಈ ಅಧ್ಯಾಯದ ವಿಷಯ.

ಸಾವಿರ ವರ್ಷ ಕಾಯಲಾಗದವರು

ಫ್ರಾನ್ಸಿನ ಬರ್ಗಂಡಿಯವರಿಗೆ ಈ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ಅಲ್ಲಿ ಒಂದೇ ಗುಡ್ಡದ ಸಾಲನ್ನು 1,247 ತುಂಡುಗಳಾಗಿ ಗುರುತಿಸಿದ್ದಾರೆ. ಪ್ರತಿ ತುಂಡಿಗೂ ಒಂದು ಹೆಸರು, ಒಂದು ಮರ್ಯಾದೆ. 2015ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಅತ್ಯುತ್ತಮ ತೋಟಗಳು ಹೆಚ್ಚಾಗಿ ಇಳಿಜಾರಿನ ನಡುಭಾಗದಲ್ಲಿವೆ. ನೆತ್ತಿಯಲ್ಲಿ ಮಣ್ಣು ತೆಳು, ಗಾಳಿ ಜೋರು. ಬುಡದಲ್ಲಿ ನೀರು ನಿಲ್ಲುತ್ತದೆ, ಹಿಮ ಕೂರುತ್ತದೆ. ಇದನ್ನು ಮೊದಲು ಕಂಡುಕೊಂಡವರಲ್ಲಿ ಮಧ್ಯಯುಗದ ಮಠಗಳ ಸನ್ಯಾಸಿಗಳೂ ಇದ್ದರು. ಅವರ ಬಳಿ ಕಂಪ್ಯೂಟರ್ ಇರಲಿಲ್ಲ, ಆದರೆ ಕಾಲ ಇತ್ತು. ಒಬ್ಬರ ತಪ್ಪನ್ನು ಮುಂದಿನ ತಲೆಮಾರಿನವರು ತಿದ್ದಿದರು.

ಹೊಸ ಪ್ರದೇಶದಲ್ಲಿ ಮೊದಲ ಬಳ್ಳಿ ನೆಡುವವನಿಗೆ ಇರುವುದು ಒಂದೇ ಆಯುಸ್ಸು. ಅಮೆರಿಕದ ವೈದ್ಯ ಅರ್ಲ್ ಜೋನ್ಸ್ ಮತ್ತು ಅವರ ಪತ್ನಿ ಹಿಲ್ಡಾ ಅವರ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಸ್ಪೇನಿನ ಟೆಂಪ್ರಾನಿಯೊ ಎಂಬ ಕಪ್ಪು ದ್ರಾಕ್ಷಿಯ ವೈನ್ ಅವರಿಗೆ ಅಚ್ಚುಮೆಚ್ಚು. ಅಮೆರಿಕದಲ್ಲಿ ಅದರ ಒಳ್ಳೆಯ ವೈನ್ ಏಕೆ ಸಿಗುವುದಿಲ್ಲ ಎಂದು ಯೋಚಿಸಿದವರು, ಉತ್ತರ ಹವಾಮಾನದಲ್ಲಿರಬೇಕು ಎಂದು ಊಹಿಸಿದರು. ಸ್ಪೇನಿನ ರಿಬೇರಾ ದೆಲ್ ದುವೆರೊ ಪ್ರದೇಶದಲ್ಲಿ ವಸಂತ ತಂಪು, ಬೇಸಿಗೆ ಬಿಸಿ ಮತ್ತು ಒಣ, ಶರತ್ಕಾಲ ಬೇಗ ತಣ್ಣಗಾಗುತ್ತದೆ. ಅದೇ ಲಯದ ಹವೆ ಅಮೆರಿಕದಲ್ಲಿ ಎಲ್ಲಿದೆ ಎಂದು ಹುಡುಕುತ್ತ ಹೋದ ಅವರು ಒರೆಗಾನ್ ರಾಜ್ಯದ ದಕ್ಷಿಣದ ಅಂಪ್‌ಕ್ವಾ ಕಣಿವೆಗೆ ಬಂದು ನಿಂತರು. 1992ರಲ್ಲಿ ರೋಸ್‌ಬರ್ಗ್ ಬಳಿ ಜಮೀನು ಕೊಂಡು 1995ರಲ್ಲಿ ಬಳ್ಳಿ ನೆಟ್ಟರು. ಅವರ ಅಬಸೆಲಾ ತೋಟದ 1998ರ ಟೆಂಪ್ರಾನಿಯೊ, 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸ್ಪರ್ಧೆಯಲ್ಲಿ ಸ್ಪೇನಿನ ವೈನುಗಳನ್ನೇ ಹಿಂದಿಕ್ಕಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವರ ಮಗ ಗ್ರೆಗರಿ ಜೋನ್ಸ್ ಹವಾಮಾನ ವಿಜ್ಞಾನಿಯಾದರು. ದ್ರಾಕ್ಷಿಗೂ ಹವೆಗೂ ಇರುವ ನಂಟನ್ನು ಅಧ್ಯಯನ ಮಾಡಿದವರಲ್ಲಿ ಇಂದು ಅವರದು ದೊಡ್ಡ ಹೆಸರು. 2004ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳೊಂದಿಗೆ ಇಡೀ ಅಂಪ್‌ಕ್ವಾ ಕಣಿವೆಯನ್ನು ಕಂಪ್ಯೂಟರ್ ನಕ್ಷೆಗೆ ಇಳಿಸಿದರು. ನೆಲದ ಏರಿಳಿತ, ಮಣ್ಣು, ಹವೆ, ಭೂಬಳಕೆ ಇವನ್ನೆಲ್ಲ ಒಂದರ ಮೇಲೊಂದು ಜೋಡಿಸಿ, ಎಲ್ಲಿ ದ್ರಾಕ್ಷಿ ಚೆನ್ನಾಗಿ ಬಂದೀತು ಎಂದು ತೋರಿಸಿದರು. ಅಪ್ಪ ಒಂದು ತಳಿಗೆ ಒಂದು ಜಾಗ ಹುಡುಕಿದ್ದರು. ಮಗ ಅದೇ ಪ್ರಶ್ನೆಯನ್ನು ಕಣಿವೆಯ ಮೂಲೆ ಮೂಲೆಗೂ ಕೇಳಿದರು.

ಬಟರ್ ಪೇಪರಿನ ಲೆಕ್ಕ

ಈ ಜೋಡಣೆಯ ಹಿಂದಿನ ಉಪಾಯ ಬಹಳ ಸರಳ. ಶಾಲೆಯಲ್ಲಿ ಬಟರ್ ಪೇಪರ್ ಇಟ್ಟು ಭಾರತದ ನಕ್ಷೆ ತೆಗೆದವರಿಗೆಲ್ಲ ಅರ್ಥವಾಗುವಂಥದ್ದು. ಒಂದು ಹಾಳೆಯಲ್ಲಿ ನೀರು ನಿಲ್ಲುವ ಜಾಗಗಳಿಗೆ ಕಪ್ಪು ಬಳಿಯಿರಿ. ಇನ್ನೊಂದರಲ್ಲಿ ತೀರ ಕಡಿದಾದ ಜಾಗಗಳಿಗೆ, ಮತ್ತೊಂದರಲ್ಲಿ ಉಪ್ಪು ಮಣ್ಣಿಗೆ. ಮೂರನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆಳಕು ತೂರಿ ಬರುವ ಜಾಗ ನಿಮ್ಮದು. ಅಮೆರಿಕದ ಭೂದೃಶ್ಯ ವಿನ್ಯಾಸಕ ಇಯಾನ್ ಮ್ಯಾಕ್‌ಹಾರ್ಗ್ 1969ರ ‘ಡಿಸೈನ್ ವಿತ್ ನೇಚರ್’ ಪುಸ್ತಕದಲ್ಲಿ ಹೆದ್ದಾರಿಗೆ ದಾರಿ ಹುಡುಕಲು ಇದೇ ಪಾರದರ್ಶಕ ಹಾಳೆಗಳ ವಿಧಾನವನ್ನು ತೋರಿಸಿದರು. ಅಷ್ಟರೊಳಗೆ ಭೂಗೋಳತಜ್ಞ ರೋಜರ್ ಟಾಮ್ಲಿನ್ಸನ್ ಕೆನಡಾದ ಭೂಸಂಪತ್ತನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಶುರು ಮಾಡಿಯಾಗಿತ್ತು. ಇಂದು ನಾವು ಜಿಐಎಸ್ ಎನ್ನುವ ಭೌಗೋಳಿಕ ಮಾಹಿತಿ ವ್ಯವಸ್ಥೆ ಹುಟ್ಟಿದ್ದು ಹೀಗೆ.

ಈ ಹಾಳೆಗಳನ್ನು ‘ಪದರ’ ಎಂದು ಕರೆಯೋಣ. ಮೊದಲನೆಯದು ಎತ್ತರದ ಪದರ. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತಿ, ರೇಡಾರ್ ಬಳಸಿ ನೆಲದ ಏರಿಳಿತವನ್ನು ಅಳೆಯಿತು. ಆ ಮಾಹಿತಿ ಈಗ 30 ಮೀಟರ್ ಚೌಕಗಳಲ್ಲಿ ಯಾರಿಗೆ ಬೇಕಾದರೂ ಉಚಿತ. ನಮ್ಮ ಇಸ್ರೋದ ಕಾರ್ಟೋಸ್ಯಾಟ್-1 ಕೊಟ್ಟ ಎತ್ತರದ ಮಾಹಿತಿಯೂ ‘ಭುವನ್’ ಜಾಲತಾಣದಲ್ಲಿದೆ. ಈ ಒಂದೇ ಪದರದಿಂದ ಕಂಪ್ಯೂಟರ್ ಇನ್ನೆರಡು ಪದರ ಹೊಸೆಯುತ್ತದೆ. ಒಂದು ಚೌಕವನ್ನು ಸುತ್ತಲಿನ ಎಂಟು ಚೌಕಗಳೊಂದಿಗೆ ಹೋಲಿಸಿ, ನೆಲ ಎಷ್ಟು ಇಳಿಯುತ್ತಿದೆ, ಯಾವ ದಿಕ್ಕಿಗೆ ಇಳಿಯುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಪಡುವಣ ಚೌಕ 596 ಮೀಟರ್, ಮೂಡಣ ಚೌಕ 593 ಮೀಟರ್ ಎಂದಿಟ್ಟುಕೊಳ್ಳಿ. ಅವುಗಳ ನಡುಬಿಂದುಗಳ ಅಂತರ 60 ಮೀಟರ್. 60ಕ್ಕೆ 3 ಮೀಟರ್ ಎಂದರೆ ಶೇ. 5ರ ಇಳಿಜಾರು, ಮುಖ ಪೂರ್ವಕ್ಕೆ.

ಮುಖ ಯಾವ ಕಡೆಗಿದೆ ಎಂಬುದಕ್ಕೆ ಒರೆಗಾನಿನಲ್ಲಿ ಯಾಕಷ್ಟು ಬೆಲೆ? ರೋಸ್‌ಬರ್ಗ್ ಇರುವುದು 43 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೆಪ್ಟೆಂಬರ್ ಮೂರನೇ ವಾರ, ಹಣ್ಣು ಮಾಗುವ ಹೊತ್ತಿಗೆ, ನಡುಮಧ್ಯಾಹ್ನವೂ ಸೂರ್ಯ ಅಲ್ಲಿ ಸುಮಾರು 47-48 ಡಿಗ್ರಿಗಿಂತ ಮೇಲೇರುವುದಿಲ್ಲ. ಓರೆ ಬಿಸಿಲಿಗೆ ಎದೆಯೊಡ್ಡಿದ ನೆಲಕ್ಕೂ ಬೆನ್ನು ತಿರುಗಿಸಿದ ನೆಲಕ್ಕೂ ವ್ಯತ್ಯಾಸವಿದೆ. ಲೆಕ್ಕ ಹಾಕಿದರೆ, 10 ಡಿಗ್ರಿ ಇಳಿಜಾರಿನ ದಕ್ಷಿಣಮುಖಿ ನೆಲಕ್ಕೆ ಅಷ್ಟೇ ಇಳಿಜಾರಿನ ಉತ್ತರಮುಖಿ ನೆಲಕ್ಕಿಂತ ಆ ಮಧ್ಯಾಹ್ನ ಸುಮಾರು ಶೇ. 40ರಷ್ಟು ಹೆಚ್ಚು ಬಿಸಿಲು ಬೀಳುತ್ತದೆ. ಬೇಲಿಯ ಈಚೆ ಹಣ್ಣು ಮಾಗಿ, ಆಚೆ ಹುಳಿಯಾಗಿಯೇ ಉಳಿಯಲು ಇಷ್ಟು ಸಾಕು.

ಎರಡನೆಯದು ಹಿಮದ ಭಯ. ಚಳಿಗಾಲದ ರಾತ್ರಿ ಬೈಕಿನಲ್ಲಿ ಹೋಗುವಾಗ ರಸ್ತೆ ಹಳ್ಳಕ್ಕಿಳಿಯುತ್ತಿದ್ದಂತೆ ಮೊಣಕಾಲಿಗೆ ಥಟ್ಟನೆ ತಂಪು ಹೊಡೆಯುವುದನ್ನು ನೀವು ಬಲ್ಲಿರಿ. ತಣ್ಣನೆಯ ಗಾಳಿ ಭಾರ. ಅದು ನೀರಿನಂತೆಯೇ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಅಂಥ ತಗ್ಗಿನಲ್ಲಿ ವಸಂತದ ಒಂದು ರಾತ್ರಿ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಎಳೆ ಚಿಗುರು ಸುಟ್ಟುಹೋಗುತ್ತದೆ. ನೀರು ಎಲ್ಲಿ ನಿಲ್ಲುತ್ತದೆಂದು ತಿಳಿಸುವ ನಕ್ಷೆಯೇ ಚಳಿ ಎಲ್ಲಿ ನಿಲ್ಲುತ್ತದೆಂದೂ ತಿಳಿಸುತ್ತದೆ. ಬರ್ಗಂಡಿಯ ಸನ್ಯಾಸಿಗಳು ನಡುಗುಡ್ಡವನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಮೂರನೆಯದು ಶಾಖದ ಲೆಕ್ಕ. ದ್ರಾಕ್ಷಿಬಳ್ಳಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ದಿನದ ಸರಾಸರಿ 20 ಡಿಗ್ರಿ ಇದ್ದರೆ ಅದರಲ್ಲಿ 10 ಕಳೆದು ಉಳಿದ 10 ಆ ದಿನದ ಗಳಿಕೆ. ಏಪ್ರಿಲ್ ಒಂದರಿಂದ ಅಕ್ಟೋಬರ್ ಕೊನೆಯವರೆಗೆ ದಿನದಿನದ ಗಳಿಕೆಯನ್ನು ಕೂಡಿಸುತ್ತ ಹೋಗಬೇಕು. 1944ರಲ್ಲಿ ವಿಜ್ಞಾನಿಗಳಾದ ಮೇನಾರ್ಡ್ ಅಮರೀನ್ ಮತ್ತು ಆಲ್ಬರ್ಟ್ ವಿಂಕ್ಲರ್ ಈ ಮೊತ್ತದ ಮೇಲೆ ಕ್ಯಾಲಿಫೋರ್ನಿಯಾವನ್ನು ಐದು ವಲಯಗಳಾಗಿ ವಿಂಗಡಿಸಿದರು. ಮೊತ್ತ ಸುಮಾರು 1,390ರೊಳಗಿದ್ದರೆ ಒಂದನೇ ವಲಯ, ತಂಪು ಬಯಸುವ ತಳಿಗಳದ್ದು. 2,220 ದಾಟಿದರೆ ಐದನೇ ವಲಯ. ಪ್ರಪಂಚದ ದ್ರಾಕ್ಷಿ ನಕ್ಷೆಗಳಲ್ಲಿ ಇಂದಿಗೂ ಈ ಅಳತೆಗೋಲು ಚಾಲ್ತಿಯಲ್ಲಿದೆ.

ಅಳತೆಗೋಲು ಗಡಿ ದಾಟಿದಾಗ

ಈಗ ಇದೇ ಅಳತೆಗೋಲನ್ನು ವಿಜಯಪುರಕ್ಕೆ ತನ್ನಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ 214 ದಿನಗಳಿಗೆ ಸರಾಸರಿ 26 ಡಿಗ್ರಿ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ಮೊತ್ತ 3,400 ಮೀರುತ್ತದೆ. ಇಡೀ ಜಿಲ್ಲೆ ಐದನೇ ವಲಯವನ್ನೂ ದಾಟಿ ಎಲ್ಲೋ ಹೋಗಿರುತ್ತದೆ. ನಕ್ಷೆಯ ತುಂಬ ಒಂದೇ ಬಣ್ಣ. ಒಂದೇ ಬಣ್ಣದ ನಕ್ಷೆ ಯಾವ ಹೊಲವನ್ನೂ ಆರಿಸಿಕೊಡಲಾರದು. ಇಳಿಜಾರಿನ ಮುಖದ ಗತಿಯೂ ಹೀಗೆಯೇ. ಹೆಚ್ಚಿನ ಹೊಲಗಳ ಇಳಿಜಾರು ಒಂದೆರಡು ಡಿಗ್ರಿ. ಹಿಮದ ಭಯವಂತೂ ಇಲ್ಲ. ಒರೆಗಾನಿನ ಮೂರೂ ಮುಖ್ಯ ಪ್ರಶ್ನೆಗಳು ಇಲ್ಲಿ ಕೆಲಸಕ್ಕೆ ಬಾರವು. ತಂತ್ರಾಂಶ ಮಾತ್ರ ದೂರುವುದಿಲ್ಲ. ಕೇಳಿದ್ದಕ್ಕೆಲ್ಲ ಅಂದವಾದ ಬಣ್ಣದ ನಕ್ಷೆ ಬಿಡಿಸಿ ಕೊಡುತ್ತದೆ. ಯಾವ ಪ್ರಶ್ನೆ ಕೇಳಬೇಕೆಂಬ ತಿಳಿವು ಆ ಊರಿನದೇ ಆಗಿರಬೇಕು.

ವಿಜಯಪುರದ ಪ್ರಶ್ನೆಗಳು ಮೂರು: ಮಳೆ ಯಾವ ವಾರ ಬರುತ್ತದೆ, ನೀರಿನಲ್ಲಿ ಉಪ್ಪೆಷ್ಟು, ಮಣ್ಣಿನಿಂದ ನೀರು ಇಳಿದುಹೋಗುತ್ತದೆಯೇ.

ಮಳೆಯಿಂದ ಆರಂಭಿಸೋಣ. ತಂಪು ದೇಶಗಳಲ್ಲಿ ಬಳ್ಳಿಯನ್ನು ಚಳಿಗಾಲ ಮಲಗಿಸುತ್ತದೆ. ನಮ್ಮಲ್ಲಿ ಆ ಕೆಲಸ ಕತ್ತರಿಯದು. ಕಡ್ಡಿ ಸವರುವುದನ್ನು ಇಲ್ಲಿ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ ಮುಂದಿನ ಕಾಯಿಗೆ ಕಡ್ಡಿ ತಯಾರಾಗುತ್ತದೆ. ಅಕ್ಟೋಬರ್ ಚಾಟ್ನಿಯಾದ ಮೇಲೆ ಚಿಗುರು, ಹೂವು, ಕಾಯಿ. ಈ ಎರಡನೇ ಚಾಟ್ನಿಯ ನಂತರದ 40-50 ದಿನ ರೈತನಿಗೆ ನಿದ್ದೆ ಇರುವುದಿಲ್ಲ. ಆ ದಿನಗಳಲ್ಲಿ ಮಳೆ ಹಿಡಿದರೆ ಡೌನಿ ಎಂದು ಎಲ್ಲರೂ ಕರೆಯುವ ಬೂಜು ತುಪ್ಪಟ ರೋಗ ಹೂಗೊಂಚಲನ್ನೇ ತಿನ್ನುತ್ತದೆ. ಯುರೋಪಿನ ರೈತರಲ್ಲಿ ಈ ರೋಗಕ್ಕೆ ‘ಮೂರು ಹತ್ತು’ ಎಂಬ ಅಂದಾಜಿದೆ: ಚಿಗುರು 10 ಸೆಂಟಿಮೀಟರ್, ಮಳೆ 10 ಮಿಲಿಮೀಟರ್, ಉಷ್ಣತೆ 10 ಡಿಗ್ರಿ. ಮೂರೂ ಕೂಡಿದರೆ ಸೋಂಕು ಶುರು. ವಿಜಯಪುರದಲ್ಲಿ ಕೊನೆಯ ಹತ್ತು ಸದಾ ಹಾಜರು, ಚಿಗುರಂತೂ ಬೆಳೆಯಲೇಬೇಕು. ನಿರ್ಧಾರ ಮಳೆಯ ಕೈಯಲ್ಲಿದೆ.

ಹೀಗಾಗಿ ಇಲ್ಲಿ ವಾರ್ಷಿಕ ಮಳೆಯ ನಕ್ಷೆ ದಾರಿ ತಪ್ಪಿಸುತ್ತದೆ. ವರ್ಷಕ್ಕೆ ಒಂದೇ ಮೊತ್ತದ ಮಳೆ ಬೀಳುವ ಎರಡು ಊರುಗಳಲ್ಲಿ ಒಂದಕ್ಕೆ ಸೆಪ್ಟೆಂಬರಿಗೇ ಮಳೆ ಮುಗಿದು, ಇನ್ನೊಂದಕ್ಕೆ ನವೆಂಬರಿನಲ್ಲೂ ಸುರಿದರೆ ಮೊದಲನೆಯದು ದ್ರಾಕ್ಷಿಯ ಊರು. ಬೇಕಾದದ್ದು ಅಕ್ಟೋಬರ್-ನವೆಂಬರಿನ ಮಳೆದಿನಗಳ ಎಣಿಕೆ. ಒಣದ್ರಾಕ್ಷಿ ಮಾಡುವವರಿಗೆ ಹಣ್ಣು ಒಣಗಿಸುವ ಫೆಬ್ರುವರಿ, ಮಾರ್ಚ್ ಎಣಿಕೆಯೂ ಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದು ಮಳೆದಿನ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿರುವುದರಿಂದ ಈ ಎಣಿಕೆ ಊರಿನ ಮಟ್ಟಕ್ಕೆ ಇಳಿಯಬಲ್ಲದು.

ತಳಿ ಬದಲಾದರೆ ಪ್ರಶ್ನೆಯೂ ಬದಲಾಗುತ್ತದೆ. ನಂದಿಬೆಟ್ಟದ ಸುತ್ತಿನ ಕೆಂಪು ಮಣ್ಣಿನಲ್ಲಿ, ಹೆಚ್ಚು ಮಳೆಯ ಹವೆಯಲ್ಲಿ ಬೆಂಗಳೂರು ಬ್ಲೂ ತಲೆತಲಾಂತರದಿಂದ ನಿಂತಿದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಅದರ ರಕ್ತದಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ಅಂಶವಿದೆ, ತೇವವನ್ನು ಅದು ತಾಳಿಕೊಳ್ಳುತ್ತದೆ. ವಿಜಯಪುರದ ಕಡೆ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಬಳಗಕ್ಕೆ ಅಂಥ ತಾಳ್ಮೆಯಿಲ್ಲ. ತಳಿಯ ಹೆಸರಿಲ್ಲದ ‘ದ್ರಾಕ್ಷಿಗೆ ಯೋಗ್ಯ ಭೂಮಿ’ ನಕ್ಷೆಯನ್ನು ನಂಬಬಾರದು.

ಡೋಣಿಯ ಪಾಠ

ಉಪ್ಪು ಮತ್ತು ಮಣ್ಣಿನ ಪ್ರಶ್ನೆಗಳಿಗೆ ಡೋಣಿ ನದಿಗಿಂತ ಒಳ್ಳೆಯ ಮೇಷ್ಟರಿಲ್ಲ. ಮಹಾರಾಷ್ಟ್ರದ ಜತ್ ಸೀಮೆಯಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಹಾದು ಕೃಷ್ಣೆ ಸೇರುವ ಈ ನದಿಯ ಇಕ್ಕೆಲಗಳಲ್ಲಿ ಆಳವಾದ ಎರೆಭೂಮಿ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂಗಾರಿ ಜೋಳಕ್ಕೆ ಬೇಕಾದ್ದು ತೇವ ಹಿಡಿದಿಟ್ಟುಕೊಳ್ಳುವ ಮಣ್ಣು. ಎರೆಮಣ್ಣಿನ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ತಿಂಗಳುಗಟ್ಟಲೆ ಆ ತೇವವನ್ನು ಕಾಪಿಡುತ್ತವೆ. ಮಳೆ ನಿಂತ ಮೇಲೂ ಜೋಳ ಆ ಉಳಿತಾಯದಲ್ಲೇ ಬದುಕುತ್ತದೆ.

ಜೋಳಕ್ಕೆ ಉಳಿತಾಯವಾದದ್ದು ದ್ರಾಕ್ಷಿಗೆ ಉರುಳು. ದಿನಾ ಹನಿ ನೀರು ಕುಡಿಯುವ ಬಳ್ಳಿಯ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಉಬ್ಬಿದ ಎರೆಯಲ್ಲಿ ಗಾಳಿಗೆ ಸಂದಿಲ್ಲ. ಮೇಲಾಗಿ ಡೋಣಿಯ ನೀರೇ ಸವಳು. ಮಣ್ಣಿನ ಉಪ್ಪನ್ನು ಅಳೆಯುವ ‘ಇಸಿ’ ಎಂಬ ಅಂಕಿ ಮಣ್ಣು ಪರೀಕ್ಷೆಯ ಪ್ರತಿ ವರದಿಯಲ್ಲೂ ಇರುತ್ತದೆ. ಪ್ರಯೋಗಾಲಯದಲ್ಲಿ ಮಣ್ಣನ್ನು ಪೂರ್ತಿ ನೆನೆಸಿ ಹಿಂಡಿದ ರಸದಲ್ಲಿ ಈ ಅಂಕಿ 1.5 ದಾಟಿದ ಮೇಲೆ, ಒಂದೊಂದು ಅಂಕಿ ಏರಿದಂತೆ ದ್ರಾಕ್ಷಿಯ ಇಳುವರಿ ಶೇ. 9.6ರಷ್ಟು ಇಳಿಯುತ್ತದೆ ಎಂಬುದು ಕೃಷಿ ವಿಜ್ಞಾನದ ಅಂದಾಜು. 4 ತಲುಪಿದರೆ ಹೆಚ್ಚುಕಡಿಮೆ ಕಾಲುಭಾಗ ಫಸಲು ಖೋತಾ. ನಮ್ಮ ರೈತರು ಡಾಗ್‌ರಿಜ್ ಎಂಬ ಬೇರುಸಸಿಯ ಮೇಲೆ ಕಸಿ ಕಟ್ಟುವುದು ಇದಕ್ಕೇ. ಅದು ಉಪ್ಪನ್ನೂ ಬರವನ್ನೂ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ತಡೆಯುತ್ತದೆ ಅಷ್ಟೇ, ಉಪ್ಪನ್ನು ತೆಗೆಯುವುದಿಲ್ಲ.

ಈಗ ಕಣ್ಣೆತ್ತಿ ಮೇಲೆ ನೋಡಿ. ಹಿಂದೆ ದನ ಮೇಯಿಸಲು ಬಿಟ್ಟ ಮಡ್ಡಿ ಅಲ್ಲಿದೆ. ಒಂದೆರಡು ಅಡಿ ಮಣ್ಣು, ಕೆಳಗೆ ಗರಸು ಎಂಬ ಜಲ್ಲಿಮಣ್ಣು. ಜೋಳದ ಕಾಲದಲ್ಲಿ ಹೆಣ್ಣು ಕೊಡುವವರು ಕೇಳುತ್ತಿದ್ದದ್ದು ಎರೆ ಎಷ್ಟಿದೆ ಎಂದು. ಮಡ್ಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ದ್ರಾಕ್ಷಿ ಬಂದು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಗರಸಿನಲ್ಲಿ ನೀರು ನಿಲ್ಲದೆ ಇಳಿಯುತ್ತದೆ, ಅದರ ಜೊತೆ ಉಪ್ಪೂ ತೊಳೆದು ಹೋಗುತ್ತದೆ, ಬೇರು ಉಸಿರಾಡುತ್ತದೆ. ಮಡ್ಡಿಗೆ ಇದ್ದ ಕೊರತೆ ನೀರೊಂದೇ. ಅದನ್ನು ಹನಿ ನೀರಾವರಿ ಮತ್ತು ಟ್ಯಾಂಕರ್‌ಗಳು ಒಂದಿಷ್ಟು ನೀಗಿದವು, ಮುಳವಾಡ, ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳು ಇನ್ನೊಂದಿಷ್ಟು. ಕಾಲುವೆ ಬಂದಲ್ಲಿ ತಗ್ಗಿನ ಎರೆಗೆ ಜವಳಿನ ಹೊಸ ಅಪಾಯವೂ ಬಂತು. ಹಳೆಯ ನಕ್ಷೆಯಲ್ಲಿ ಈ ಕಾಲುವೆಯೇ ಇರುವುದಿಲ್ಲ. ನಕ್ಷೆ ನೋಡುವಾಗ ಮೊದಲು ಅದರ ಮೂಲೆಯ ಇಸವಿ ನೋಡಬೇಕು.

ಗಣಿತದಲ್ಲಿ ಫೇಲಾದ ಹೊಲ

ಪದರಗಳೆಲ್ಲ ಸಿದ್ಧವಾದವು. ಇವನ್ನು ಕೂಡಿಸುವುದು ಹೇಗೆ? ಪ್ರತಿ ಪದರಕ್ಕೂ ಇಷ್ಟಿಷ್ಟು ತೂಕ ಕೊಟ್ಟು ಅಂಕಗಳ ಮೊತ್ತ ತೆಗೆಯುವುದು ಹೆಚ್ಚು ಬಳಕೆಯ ವಿಧಾನ. ಒಂದು ಹೊಲಕ್ಕೆ ಮಣ್ಣು, ಮಳೆ, ಇಳಿಜಾರು, ರಸ್ತೆ ಎಲ್ಲದರಲ್ಲೂ ಹತ್ತಕ್ಕೆ 9 ಬಂದು, ನೀರಿನ ಗುಣದಲ್ಲಿ 1 ಬಂತೆನ್ನಿ. ನೀರಿನ ತೂಕ ಶೇ. 25 ಆದರೆ ಒಟ್ಟು ಅಂಕ ಹತ್ತಕ್ಕೆ 7. ಫಸ್ಟ್ ಕ್ಲಾಸ್! ನಕ್ಷೆಯಲ್ಲಿ ಆ ಹೊಲ ಹಸಿರಾಗಿ ಹೊಳೆಯುತ್ತದೆ, ಐದು ವರ್ಷದಲ್ಲಿ ಬಳ್ಳಿ ಒಣಗುತ್ತದೆ.

ಎಸ್ಸೆಸ್ಸೆಲ್ಸಿ ನೆನಪಿಸಿಕೊಳ್ಳಿ. ಕನ್ನಡದಲ್ಲಿ 125ಕ್ಕೆ 120 ಬಂದರೂ ಗಣಿತದಲ್ಲಿ 20 ಬಂದವನು ಫೇಲೇ. ಬಳ್ಳಿಯ ಪರೀಕ್ಷೆಯೂ ಅದೇ ಬಗೆಯದು. ಮೊದಲು ಪ್ರತಿ ವಿಷಯದಲ್ಲೂ ಪಾಸಾಗಬೇಕು, ರ‍್ಯಾಂಕಿನ ಮಾತು ಆಮೇಲೆ. ಆದ್ದರಿಂದ ಎಚ್ಚರದ ನಕ್ಷೆಗಾರ ಎರಡು ಹಂತದಲ್ಲಿ ಕೆಲಸ ಮಾಡುತ್ತಾನೆ. ಸವಳು ನೀರು, ಜವಳು ನೆಲ, ಅಕ್ಟೋಬರ್ ಚಾಟ್ನಿಯ ನಂತರದ ಮಳೆ ಇಂಥ ಕಡ್ಡಾಯ ವಿಷಯಗಳಲ್ಲಿ ಫೇಲಾದ ಚೌಕಗಳನ್ನು ಮೊದಲೇ ಅಳಿಸುತ್ತಾನೆ. ಉಳಿದವುಗಳ ನಡುವೆ ಮಾತ್ರ ತೂಕದ ಸ್ಪರ್ಧೆ ನಡೆಸುತ್ತಾನೆ. ಜಾಗ ಹುಡುಕುವ ನಕ್ಷೆಯ ನಿಜವಾದ ದುಡಿಮೆ ಇರುವುದು ಈ ಅಳಿಸುವಿಕೆಯಲ್ಲಿ.

ಅಳಿಸಿ ಉಳಿದದ್ದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 30 ಮೀಟರ್ ಚೌಕ ಎಂದರೆ 900 ಚದರ ಮೀಟರ್. ಒಂದು ಎಕರೆಗೆ ಅಂಥ ಚೌಕ ನಾಲ್ಕೂವರೆ ಮಾತ್ರ. ನಿಮ್ಮ ಎರಡೆಕರೆ ಹೊಲ ಉಪಗ್ರಹದ ಕಣ್ಣಿಗೆ ಒಂಬತ್ತು ಚುಕ್ಕಿ. ಎತ್ತರದ ಅಳತೆಯಲ್ಲಿ ಕೆಲವು ಮೀಟರ್ ತಪ್ಪು ಸಹಜ. ಅಂಪ್‌ಕ್ವಾದ ಗುಡ್ಡಗಳಲ್ಲಿ ಆ ತಪ್ಪು ಮುಚ್ಚಿಹೋಗುತ್ತದೆ. ವಿಜಯಪುರದ ಬಯಲಿನಲ್ಲಿ ಮೂರು ಮೀಟರ್ ತಪ್ಪು, ಇಲ್ಲದ ಇಳಿಜಾರನ್ನೇ ಹುಟ್ಟಿಸುತ್ತದೆ. ಮಣ್ಣಿನ ವಿಷಯದಲ್ಲಿ ನಾವು ಸ್ವಲ್ಪ ಅದೃಷ್ಟವಂತರು. ಸುಜಲ-3 ಯೋಜನೆಯಲ್ಲಿ ರಾಜ್ಯದ ಹಲವು ಜಲಾನಯನಗಳ ಮಣ್ಣನ್ನು 1:7,920 ಅಳತೆಯ ಗ್ರಾಮನಕ್ಷೆಯ ಮೇಲೆ, ಸರ್ವೆ ನಂಬರ್ ಸಮೇತ ದಾಖಲಿಸಿದ್ದಾರೆ. ಮೊಬೈಲಿನಲ್ಲಿ ‘ದಿಶಾಂಕ್’ ತೆರೆದರೆ ನಿಂತ ನೆಲದ ಸರ್ವೆ ನಂಬರ್ ಸಿಗುತ್ತದೆ. ಇವೆರಡನ್ನೂ ಕೂಡಿಸಿದರೆ ಜಿಲ್ಲೆಯ ನಕ್ಷೆ ಹೊಲದ ಬದುವಿನವರೆಗೆ ಇಳಿದು ಬರುತ್ತದೆ.

ಬದುವಿನಾಚೆಗೆ ಸನಿಕೆಯೇ ಬೇಕು. ನಕ್ಷೆ ಒಪ್ಪಿದ ಹೊಲದಲ್ಲಿ ಎರಡು ಮೂರು ಕಡೆ, ತಗ್ಗಿನ ಮೂಲೆಯನ್ನು ಬಿಡದೆ, ನಾಲ್ಕೈದು ಅಡಿ ಆಳದ ಗುಂಡಿ ತೋಡಿ. ಅಡಿಗೊಂದರಂತೆ ಮಣ್ಣು ತೆಗೆದು ಬೇರೆ ಬೇರೆ ಚೀಲಕ್ಕೆ ಹಾಕಿ. ಗುಂಡಿಗೆ ನೀರು ತುಂಬಿ ಮರುದಿನ ಬೆಳಗ್ಗೆ ಹೋಗಿ ನೋಡಿ. ನೀರು ಹಾಗೆಯೇ ನಿಂತಿದ್ದರೆ ಆ ಹೊಲ ಜೋಳಕ್ಕಿರಲಿ. ಕೊಳವೆಬಾವಿಯ ನೀರನ್ನು ಮಳೆಗಾಲದಲ್ಲಿ ಪರೀಕ್ಷೆಗೆ ಕೊಡಬೇಡಿ. ಮೇ ತಿಂಗಳಲ್ಲಿ, ನೀರು ತಳ ಕಂಡಾಗ, ಉಪ್ಪು ಹೆಚ್ಚಿರುವಾಗ ಕೊಡಿ. ನಕ್ಷೆಗೆ ಎರಡು ದಿನ, ಗುಂಡಿಗೆ ಎರಡು ದಿನ, ಪ್ರಯೋಗಾಲಯಕ್ಕೆ ಒಂದೆರಡು ವಾರ. ಹದಿನೈದು ವರ್ಷದ ಬೆಳೆಗೆ ಇಷ್ಟು ಕಾಯಿರಿ, ಆ್ಯಂಗಲ್ ಆಮೇಲೆ ತನ್ನಿ.